ದಿನಾಲೂ ನಡೆಯುವುದು ಯಾಕೆ ಇಷ್ಟು ಕಷ್ಟ?

(ಶ್ರೀಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಹೋದ ತಿಂಗಳು ಶ್ರೀಗಳು ನನ್ನನ್ನು ಕರೆದು, "ಇಂಜಿನಿಯರ ಸಾಹೇಬ್ರ, ಮುಂದಿನ ಗೋಷ್ಠಿಗೆ ವ್ಯಾಯಾಮದ ಬಗ್ಗೆ ನೀವ ಮಾತಾಡ್ರಿ" ಎಂದರು. "ಅಜ್ಜಾರ, ಅದಕ್ಕ ಯಾರಾದರೂ ಡಾಕ್ಟರನ್ನ ಕರಸೂಣಲ್ರಿ" ಎಂದೆ. "ಡಾಕ್ಟರು ಏನ್ ಮಾಡಬೇಕು ಅಂತ ಹೇಳ್ತಾರ. ಅದು ಎಲ್ಲಾರಿಗೂ ಗೊತ್ತೈತಿ. ಗೊತ್ತಿದ್ದೂ ಯಾಕ ಮಾಡೂದಿಲ್ಲ ಅಂತ ನೀವ ಹೇಳ್ರಿ. ಅದರಾಗ ನಿಮಗ ಅನುಭವ ಐತಿ" ಎಂದು ನಕ್ಕರು. ಅವರು ಹೇಳಿದ್ದು ನಿಜ. ಬಿಟ್ಟುಬಿಡುವುದರಲ್ಲಿ ನನಗಿರುವಷ್ಟು ಅನುಭವ ಈ ಸಭೆಯಲ್ಲಿ ಬಹುಶಃ ಯಾರಿಗೂ ಇಲ್ಲ.

ನನಗೀಗ 67 ವರ್ಷ. ನೀರಾವರಿ ಕಾಮಗಾರಿಗಳಲ್ಲಿ ಕಾಲುವೆ ಕಟ್ಟಿಸುತ್ತ, ದುರಸ್ತಿ ಮಾಡಿಸುತ್ತ ಸರ್ಕಾರಿ ನೌಕರಿ ಮುಗಿಸಿದವನು. ನಿವೃತ್ತಿಯ ನಂತರ ಬಾಗಲಕೋಟೆಯ ನವನಗರದಲ್ಲಿ ಇದ್ದೇನೆ. ನವನಗರ ಯಾಕೆ ಹುಟ್ಟಿತೆಂದು ನಿಮಗೆ ಗೊತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗ ಮುಳುಗಿದಾಗ ಅಳೆದು ಗೆರೆ ಎಳೆದು ಕಟ್ಟಿದ ಊರು. ಸೆಕ್ಟರುಗಳು, ಅಗಲವಾದ ರಸ್ತೆಗಳು. ನಡೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಹೀಗಿದ್ದೂ ನಾನು ಅಲ್ಲಿ ಮೂರು ಸಲ ವಾಕಿಂಗ್ ಶುರು ಮಾಡಿ ಮೂರು ಸಲ ಬಿಟ್ಟವನು. ಆದ್ದರಿಂದ ರಸ್ತೆ ಸರಿಯಿಲ್ಲ ಎಂಬ ನೆಪ ನನಗೆ ಸಿಗಲಿಲ್ಲ.

54ನೆಯ ವಯಸ್ಸಿಗೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಕಾಲಿನ ಹುಣ್ಣು ಒಂದು ತಿಂಗಳಾದರೂ ಮಾಯಲಿಲ್ಲವೆಂದು ಹೋದಾಗ ಗೊತ್ತಾದದ್ದು. ಇದರಲ್ಲಿ ನಾನು ಒಂಟಿಯೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ಡಾಕ್ಟರು ಗುಳಿಗೆ ಬರೆದು, "ದಿನಾ ಅರ್ಧ ತಾಸು ನಡೀರಿ" ಎಂದರು. ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ನಡಿಗೆ ಹತ್ತೊಂಬತ್ತು ದಿನ ನಡೆಯಿತು.

ಈ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲಂಡನ್ನಿನ ಬಸ್ಸುಗಳ ಕಥೆ. ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ನೋಡಿದ. ಬಸ್ಸು ಒಂದೇ, ಸಂಸ್ಥೆ ಒಂದೇ, ಹೆಚ್ಚುಕಡಿಮೆ ಅದೇ ಬಡಾವಣೆಯ ಜನ. ಚಾಲಕ ದಿನವಿಡೀ ಕೂತಿರುತ್ತಾನೆ. ನಿರ್ವಾಹಕ ಟಿಕೆಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಾನೆ. ನಿರ್ವಾಹಕರಲ್ಲಿ ಹೃದಯಾಘಾತ ಬಹಳ ಕಡಿಮೆ ಕಂಡಿತು. ಇದು 1953ರಲ್ಲಿ ಪ್ರಕಟವಾಯಿತು. ಅಂಚೆ ಹಂಚುವವರನ್ನು ಕೂತು ಕೆಲಸ ಮಾಡುವ ಗುಮಾಸ್ತರ ಜೊತೆ ಹೋಲಿಸಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು. ಕೆಲವರು, ಚಾಲಕರಾಗುವವರು ಮೊದಲೇ ದಪ್ಪಗಿದ್ದಿರಬಹುದಲ್ಲ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಮಾರಿಸ್ ಸಿಟ್ಟಾಗಲಿಲ್ಲ. ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಸೊಂಟದಳತೆಯ ದಾಖಲೆ ತೆಗೆಸಿ ತಾನೇ ಪರಿಶೀಲಿಸಿದ. ಚಾಲಕರ ಸೊಂಟ ನಿಜಕ್ಕೂ ದಪ್ಪವೇ ಇತ್ತು, ಅದನ್ನೂ ಬರೆದು ಪ್ರಕಟಿಸಿದ. ಅಳತೆಯ ಬಗ್ಗೆ ಇಷ್ಟು ಪ್ರಾಮಾಣಿಕನಾದವನ ಮಾತನ್ನು ನಂಬಬೇಕು ಎನಿಸಿತು ನನಗೆ. ಆತ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಾಲುವೆಯ ಒಬ್ಬ ನೀರಗಂಟಿ. ಇಪ್ಪತ್ತು ವರ್ಷ ನಾನು ಕಾಲುವೆ ದಂಡೆಯ ಮೇಲೆ ಜೀಪಿನಲ್ಲಿ ಹೋದೆ, ಅವರು ನಡೆದು ಹೋದರು. ಗೇಟು ಎತ್ತುವುದು, ತೂಬು ನೋಡುವುದು, ಕಸ ತೆಗೆಯುವುದು, ರೈತರ ಜಗಳ ಬಿಡಿಸುವುದು. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಕಡ್ಡಿಯಂತೆ ಇದ್ದರು. ನಾನೇ ಚಾಲಕ, ಅವರೇ ನಿರ್ವಾಹಕ! ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ನಿವೃತ್ತರಾಗಿ ಊರ ಕಟ್ಟೆಯ ಮೇಲೆ ಕೂತರು. ನಾಲ್ಕೈದು ವರ್ಷದ ಮೇಲೆ ಭೇಟಿಯಾದಾಗ ಹೊಟ್ಟೆ ಬಂದಿತ್ತು, ಸಕ್ಕರೆ ಕಾಯಿಲೆಯೂ ಬಂದಿತ್ತು. "ಜಲ್ಮೆಲ್ಲಾ ನಡದೇನ್ರಿ ಸಾಹೇಬ್ರ, ಇನ್ನೆಷ್ಟು ನಡೀಲಿ?" ಎಂದರು. ಪೆನ್ಷನ್ ಖಜಾನೆಯಿಂದ ಬರುತ್ತದೆ, ದೇಹದಿಂದ ಬರುವುದಿಲ್ಲ ಎಂದು ಅವತ್ತು ನನಗೆ ಹೊಳೆಯಿತು. ಆದರೆ ಅವರಿಗೆ ಹೇಳಲು ಬಾಯಿ ಬರಲಿಲ್ಲ. ಜೀಪಿನವನು ನಡೆಯುವವನಿಗೆ ಏನು ಹೇಳುವುದು?

ಇದರ ಕಾರಣವನ್ನು ಡಾಕ್ಟರೊಬ್ಬರು ನನಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರು. ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ, ಅಷ್ಟು ಹೊತ್ತು ಇನ್ಸುಲಿನ್ನಿಗಾಗಿ ಕಾಯುವುದಿಲ್ಲ. ನಡೆದು ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ನಿನ ಮಾತು ಸ್ನಾಯುವಿಗೆ ಚೆನ್ನಾಗಿ ಕೇಳಿಸುತ್ತಿರುತ್ತದೆ. ಆಮೇಲೆ ಮತ್ತೆ ಮೊದಲಿನಂತೆ. ಅಂದರೆ ಹೋದ ವರ್ಷದ ನಡಿಗೆ ಈ ವಾರಕ್ಕೆ ಬರುವುದಿಲ್ಲ. ಕಾಲುವೆಯ ಹೂಳು ತೆಗೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈಗ ಮನಸ್ಸಿನ ವಿಷಯಕ್ಕೆ ಬರುತ್ತೇನೆ. ನಾವು ಬಿಡುವುದು ಕಾಲು ನೋವಿಗಲ್ಲ, ಬಹಳ ಸಲ ಮನಸ್ಸಿನ ಮುಜುಗರಕ್ಕೆ. ನಮ್ಮ ಕಡೆ ಒಬ್ಬ ಮನುಷ್ಯ ಬೂಟು ಹಾಕಿಕೊಂಡು ಬೆಳಗ್ಗೆ ಹೊರಬಿದ್ದರೆ ಎದುರಿಗೆ ಬಂದವರು ಕೇಳುವ ಮೊದಲ ಮಾತು, "ಯಾಕ್ರೀ, ಸಕ್ರಿ ಬಂತೇನು?" ನಡೆಯುವುದು ರೋಗಿಯ ಗುರುತಾಗಿಬಿಟ್ಟಿದೆ. ಹೆಣ್ಣುಮಕ್ಕಳು ಬೂಟು ಹಾಕಿದರೆ ಇನ್ನೊಂದು ಬಗೆಯ ನಗು. ಭಯದಿಂದ ಶುರು ಮಾಡುವುದೂ ಹಾಗೆಯೇ. ನಮ್ಮ ಬಡಾವಣೆಯಲ್ಲಿ ಯಾರಾದರೂ ಐವತ್ತರ ಆಸುಪಾಸಿನವರು ಹೃದಯಾಘಾತದಿಂದ ತೀರಿಕೊಂಡರೆ, ಮಾರನೆಯ ದಿನ ಮೈದಾನ ತುಂಬಿರುತ್ತದೆ. ಹದಿನೈದು ದಿನಕ್ಕೆ ಖಾಲಿ. ಇದನ್ನು ನಾನು ಹಲವು ಸಲ ನೋಡಿದ್ದೇನೆ, ಆ ತುಂಬಿದವರಲ್ಲೂ ಖಾಲಿಯಾದವರಲ್ಲೂ ನಾನಿದ್ದೆ. ಭಯ ಎಬ್ಬಿಸುತ್ತದೆ ನಿಜ, ಆದರೆ ದಿನಾ ಹೆದರಿಕೊಂಡೇ ಇರುವುದಕ್ಕೆ ಮನುಷ್ಯನ ಕೈಯಲ್ಲಿ ಆಗುವುದಿಲ್ಲ.

ನಿವೃತ್ತಿಯ ಹಣದಲ್ಲಿ ಟ್ರೆಡ್‌ಮಿಲ್ ತಂದೆ, ಅದು ಎರಡನೆಯ ಪ್ರಯತ್ನ. ಎರಡು ತಿಂಗಳಲ್ಲಿ ಅದರ ಮೇಲೆ ಬಟ್ಟೆ ಒಣಗತೊಡಗಿದವು. ನೋಡಿದರೆ ಮನಸ್ಸಿಗೆ ಚುಚ್ಚುತ್ತಿದೆ ಎಂದು ಅಳಿಯನ ಮನೆಗೆ ಕಳಿಸಿದೆ. ಈಗ ಅಲ್ಲಿ ಒಣಗುತ್ತಿವೆ.

ಮೂರನೆಯ ಪ್ರಯತ್ನದ ಕಥೆ ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಕಾಮಗಾರಿಯಲ್ಲಿ ದುಡಿದವರಿಗೆ ಎಂ.ಬಿ. ಎಂದರೆ ಏನೆಂದು ಗೊತ್ತು. ಅಳತೆ ಪುಸ್ತಕ. ಪುಟಕ್ಕೆ ಪುಟ ನಂಬರು, ಹಾಳೆ ಹರಿಯುವಂತಿಲ್ಲ, ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಗುತ್ತಿಗೆದಾರನಿಗೆ ಹಣ ಹೋಗುವುದು ಆ ಪುಸ್ತಕದ ಆಧಾರದ ಮೇಲೆ. ನಡೆಯದ ಅಳತೆ ಬರೆದನೆಂದು ನಾನೇ ಒಬ್ಬ ಕಿರಿಯ ಇಂಜಿನಿಯರ್‌ಗೆ ನೋಟಿಸು ಕೊಟ್ಟಿದ್ದೆ. ಬಹಳ ಖಡಕ್ಕಾಗಿ ಬರೆದ ನೋಟಿಸು ಅದು.

ಅದೇ ಶಿಸ್ತು ನನ್ನ ನಡಿಗೆಗೆ ಇರಲಿ ಎಂದು ಒಂದು ಉದ್ದ ನೋಟುಬುಕ್ಕು ತಂದು ಎಂ.ಬಿ. ಮಾಡಿದೆ. ತಾರೀಖು, ದೂರ, ಸಮಯ, ಷರಾ. ಒಂದು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಮಳೆ. ಹೋಗಲಿಲ್ಲ. ಸಾಲಿನಲ್ಲಿ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ. 4.6 ಕಿಲೋಮೀಟರ್ ಎಂದು ಬರೆದೆ! ದಶಾಂಶ ಸಮೇತ. ಸುಳ್ಳಿಗೆ ದಶಾಂಶ ಹಾಕಿದರೆ ನಿಜದಂತೆ ಕಾಣುತ್ತದೆ ಎಂಬುದು ನನಗೆ ಗುತ್ತಿಗೆದಾರರಿಂದ ಬಂದ ವಿದ್ಯೆ. ಆಮೇಲೆ ಇನ್ನೊಂದು ದಿನ, ಮತ್ತೊಂದು ದಿನ. ರಜೆಗೆಂದು ಬಂದಿದ್ದ ಮೊಮ್ಮಗಳು, ಎಂಟು ವರ್ಷದವಳು, ಪುಸ್ತಕ ತೆಗೆದು ಓದುತ್ತ ಕೇಳಿದಳು, "ಅಜ್ಜಾ, ನಿನ್ನೆ ನೀ ಇಷ್ಟು ದೂರ ಯಾವಾಗ ಹೋಗಿದ್ದಿ? ಇಡೀ ದಿನ ನನ್ನ ಜೋಡಿ ಟಿವಿ ಮುಂದ ಕುಂತಿದ್ದಿ."

ನಾನು ಏನೂ ಹೇಳಲಿಲ್ಲ. ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೂರು ತಿಂಗಳಲ್ಲಿ ಹನ್ನೊಂದು ಸುಳ್ಳು ಎಂಟ್ರಿ. ಯಾರಿಗೆ ಮೋಸ ಮಾಡಲು ಬರೆದೆ? ಹಣ ಕೊಡುವವರು ಯಾರೂ ಇಲ್ಲ, ಬಿಲ್ಲು ಪಾಸು ಮಾಡುವವರಿಲ್ಲ. ನಾನು ಬಿಟ್ಟುಬಿಡುವವನು ಎಂದು ನನಗೇ ಗೊತ್ತಾಗದಿರಲಿ ಎಂದು ಬರೆದಿದ್ದೆ. ಕೆಂಪು ಶಾಯಿಯಲ್ಲಿ ಹನ್ನೊಂದಕ್ಕೂ ಗೆರೆ ಎಳೆದು, ಮೇಲೆ ಸೊನ್ನೆ ಬರೆದು ಸಹಿ ಹಾಕಿದೆ. ಆ ಕಿರಿಯ ಇಂಜಿನಿಯರ್ ಅಂದು ನನ್ನೆದುರು ತಲೆ ತಗ್ಗಿಸಿ ನಿಂತಿದ್ದು ಕಣ್ಣ ಮುಂದೆ ಬಂತು.

ಕೆಂಪು ಸೊನ್ನೆಗಳಿಂದ ನನಗೆ ಒಂದು ಉಪಕಾರವಾಯಿತು. ಸೊನ್ನೆ ಎಲ್ಲಿ ಬೀಳುತ್ತವೆ ಎಂದು ನೋಡಲು ಬಂತು. ಮದುವೆ, ಗೃಹಪ್ರವೇಶದ ಮಾರನೆಯ ದಿನ ಸೊನ್ನೆ. ರಾತ್ರಿ ತಡವಾಗಿ ಮಲಗಿದ ಮಾರನೆಯ ದಿನ ಸೊನ್ನೆ. ಇವು ನಿರೀಕ್ಷಿತ. ಆದರೆ ರಕ್ತ ಪರೀಕ್ಷೆಯ ವರದಿ ಚೆನ್ನಾಗಿ ಬಂದ ವಾರ ಸಾಲಾಗಿ ನಾಲ್ಕು ಸೊನ್ನೆ! ವರದಿ ಕೆಟ್ಟರೆ ನಡೆಯುತ್ತಿದ್ದೆ, ಸುಧಾರಿಸಿದರೆ ಕೂರುತ್ತಿದ್ದೆ. ಮತ್ತೊಂದು ವಿಷಯ, ಒಂದು ಸೊನ್ನೆಯ ಪಕ್ಕದಲ್ಲಿ ಯಾವಾಗಲೂ ಇನ್ನೆರಡು ಸೊನ್ನೆ. ಒಂದು ದಿನ ತಪ್ಪಿದರೆ ವ್ರತಭಂಗವಾಯಿತು, ಇನ್ನು ಸೋಮವಾರದಿಂದ ಹೊಸದಾಗಿ ಶುರು ಮಾಡೋಣ ಎಂಬ ಲೆಕ್ಕ. ವ್ರತ, ಮುಹೂರ್ತಗಳನ್ನು ನಂಬುವುದಿಲ್ಲವೆಂದು ಹೇಳುವ ನಾವು ವಾಕಿಂಗಿಗೆ ಮಾತ್ರ ಮುಹೂರ್ತ ನೋಡುತ್ತೇವೆ.

ಲಂಡನ್ನಿನ ಒಂದು ವಿಶ್ವವಿದ್ಯಾಲಯದವರು 96 ಜನರನ್ನು ಇಟ್ಟುಕೊಂಡು ಒಂದು ಹೊಸ ರೂಢಿ ಎಷ್ಟು ದಿನಕ್ಕೆ ಮೈಗೂಡುತ್ತದೆಂದು ನೋಡಿದ್ದಾರೆ. ಜನ 21 ದಿನ ಎನ್ನುತ್ತಾರಲ್ಲ, ಹಾಗೇನೂ ಬರಲಿಲ್ಲ. ಸರಾಸರಿ 66 ದಿನ. ಕೆಲವರ ಲೆಕ್ಕ 18 ದಿನ, ಕೆಲವರದು 254 ದಿನದವರೆಗೂ ಹೋಯಿತು. ನನಗೆ ಸಮಾಧಾನ ಕೊಟ್ಟದ್ದು ಅದರ ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಹತ್ತೊಂಬತ್ತನೆಯ ದಿನಕ್ಕೆ "ನನ್ನ ಕೈಲಾಗದು" ಎಂದು ಬಿಟ್ಟೆನಲ್ಲ, ನಾನು ಪರೀಕ್ಷೆಯ ಮಧ್ಯದಲ್ಲೇ ಫಲಿತಾಂಶ ಬರೆದುಕೊಂಡಿದ್ದೆ.

ಹತ್ತು ಸಾವಿರ ಹೆಜ್ಜೆಯ ಮಾತೂ ಅಷ್ಟೇ. ಮೊಬೈಲಿನಲ್ಲಿ ಹತ್ತು ಸಾವಿರ ತೋರಿಸಲಿಲ್ಲವೆಂದು ಎಷ್ಟು ಜನ ಬೇಸರಪಡುತ್ತಾರೆ! 1965ರಲ್ಲಿ ಜಪಾನಿನಲ್ಲಿ ಒಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ಬಂತು. ಅದರ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ಸಂಖ್ಯೆ ಜನಪ್ರಿಯವಾದದ್ದು ಅಲ್ಲಿಂದ, ಆಸ್ಪತ್ರೆಯಿಂದಲ್ಲ. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಸುಮಾರು 17 ಸಾವಿರ ಮಹಿಳೆಯರ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2,700ರಷ್ಟು ಹೆಜ್ಜೆ ಹಾಕುವವರಿಗಿಂತ 4,400ರಷ್ಟು ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ ಇರಲಿ ಎನ್ನುತ್ತದೆ. ಅದನ್ನು ಎಷ್ಟು ತುಂಡು ಮಾಡಿ ಕಟ್ಟಿದರೂ ಒಟ್ಟು ಅಷ್ಟಾದರೆ ಸರಿ. ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ಮೇಲು ಎಂಬುದು ಅವರದೇ ಮಾತು.

ನಮ್ಮ ಸಮಾಜದಲ್ಲಿ ಕೇಳಿಬರುವ ಒಂದು ನೆಪವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. "ನಮ್ಮದು ಕಾಯಕದ ಧರ್ಮ, ದುಡಿಯುವವನಿಗೆ ಬೇರೆ ವ್ಯಾಯಾಮ ಯಾಕೆ?" ಎನ್ನುತ್ತಾರೆ. ಯಾರು ಎನ್ನುತ್ತಾರೆ? ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿಯ ಗಲ್ಲೆಯ ಮುಂದೆ ಕೂತವರು, ನನ್ನಂತೆ ಫೈಲಿನ ಮುಂದೆ ಕೂತವರು. ದಿನವೆಲ್ಲ ಕಳೆ ತೆಗೆದು ಬಂದ ಕೂಲಿಯ ತಾಯಿ ಈ ಮಾತು ಹೇಳಿದರೆ ಒಪ್ಪುತ್ತೇನೆ. ಅವರಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಸರಿಯಾದ ಊಟ, ವಾಕಿಂಗ್ ಮಾಡಿರೆಂದು ಅವರಿಗೆ ಉಪದೇಶಿಸಿದರೆ ನಮಗೇ ಪಾಪ ಬರುತ್ತದೆ. ಆದರೆ ನಮ್ಮ ಎಷ್ಟೋ ರೈತರ ಮನೆಗಳಲ್ಲಿ ಈಗ ಟ್ರ್ಯಾಕ್ಟರ್ ಇದೆ, ಪಂಪ್‌ಸೆಟ್ ಇದೆ, ಹೊಲಕ್ಕೆ ಹೋಗಲು ಬೈಕು ಇದೆ. ಅಜ್ಜನ ಊಟ ಮಾತ್ರ ಹಾಗೇ ಉಳಿದಿದೆ. ಹೋಳಿಗೆಯ ಮೇಲಿನ ತುಪ್ಪವೂ.

ಇನ್ನು ನಮ್ಮ ಮನೆಯವರ ವಿಷಯ. ಇದನ್ನು ಹೇಳಲು ಅವರ ಅನುಮತಿ ಕೇಳಿದ್ದೇನೆ, ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ಮೊಣಕಾಲು ಸವೆದಿದೆ. ನೆಲದ ಮೇಲೆ ಕೂತು ಪೂಜೆ ಮಾಡಲಾಗದೆ ಕುರ್ಚಿಗೆ ಬಂದ ದಿನ ಅವರು ಅತ್ತರು. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ, ವ್ಯಾಯಾಮ ಮಾಡಿ, ನಡೆಯಿರಿ ಎಂದು ಡಾಕ್ಟರು ಹೇಳಿದರು. "ನನ್ ಜೋಡಿ ಬಾ" ಎಂದು ನಾನು ನಾಲ್ಕು ದಿನ ಕರೆದೆ, ಬರಲಿಲ್ಲ. ಸೋಮಾರಿತನ ಎಂದುಕೊಂಡೆ. ಒಂದು ದಿನ ಸ್ವಲ್ಪ ಜೋರಾಗಿಯೇ ಅಂದೆ. ಅವರು ಒಲೆಯ ಮುಂದಿನಿಂದ ತಿರುಗದೆ ಹೇಳಿದರು, "ನೀವು ಆರಕ್ಕ ಹೊಂಟು ಏಳಕ್ಕ ಬರ್ತೀರಿ. ಬಂದ ಕೂಡಲೇ ಚಾ ಬೇಕು. ಎಂಟಕ್ಕ ನಾಷ್ಟಾ. ನಾ ನಿಮ್ಮ ಜೋಡಿ ಬಂದ್ರ ಇದನ್ನೆಲ್ಲಾ ಯಾರು ಮಾಡವ್ರು?"

ಶರಣ ಬಂಧುಗಳೇ, ಹೆಣ್ಣು ಗಂಡು ಸಮಾನ ಎಂದು ಇದೇ ವೇದಿಕೆಯಲ್ಲಿ ನಾನು ಎರಡು ಸಲ ಉಪನ್ಯಾಸ ಮಾಡಿದ್ದೇನೆ. ನೀವು ಚಪ್ಪಾಳೆಯನ್ನೂ ತಟ್ಟಿದ್ದೀರಿ. ನನ್ನ ಆ ಒಂದು ತಾಸಿನ ವಾಕಿಂಗು ನಿಂತಿದ್ದುದು ಯಾರ ತಾಸಿನ ಮೇಲೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರ ಒಂದು ಅಂದಾಜು ಬಂತು. ನಮ್ಮ ದೇಶದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಇದನ್ನು ಓದಿದ ಗಂಡಸರು ಹೆಂಗಸರಿಗೆ ಹುರುಪು ಕಡಿಮೆ ಎನ್ನಬಹುದು. ನಾನೂ ಅಂದುಕೊಂಡಿದ್ದೆ. ಹುರುಪಿನ ಮೊದಲು ಬೇಕಾದದ್ದು ಬಿಡುವು.

ಈಗ ನಮ್ಮ ಮನೆಯಲ್ಲಿ ಬೆಳಗಿನ ಚಹಾ ನನ್ನದು. ಮೊದಮೊದಲು ಕುಡಿಯುವಂತಿರಲಿಲ್ಲ. ಈಗ ಪರವಾಗಿಲ್ಲ ಎಂದು ಹೇಳುತ್ತಾರೆ. ನಾಷ್ಟಾಕ್ಕೆ ಅರ್ಧ ತಾಸು ತಡವಾಗುತ್ತದೆ, ಯಾರೂ ಸಾಯಲಿಲ್ಲ. ಅವರು ನನ್ನ ಜೊತೆ ಬರುವುದಿಲ್ಲ, ನಾನು ಬೇಗ ನಡೆಯುತ್ತೇನೆ, ಮಾತಾಡುವುದಿಲ್ಲ ಎಂದು ದೂರು. ಓಣಿಯ ಮೂವರು ತಾಯಂದಿರ ಜೊತೆ ಹೋಗುತ್ತಾರೆ. ಮಾತಿನಲ್ಲಿ ದೂರ ಗೊತ್ತಾಗುವುದಿಲ್ಲವಂತೆ. ಅವರ ಬಳಿ ಎಂ.ಬಿ. ಇಲ್ಲ, ಒಂದು ದಿನ ಹೋಗದಿದ್ದರೆ ಉಳಿದ ಮೂವರು ಬಾಗಿಲಿಗೆ ಬಂದು ಕೂಗುತ್ತಾರೆ. ನನ್ನ ಪುಸ್ತಕಕ್ಕಿಂತ ಅದು ಗಟ್ಟಿಯಾದ ವ್ಯವಸ್ಥೆ. ಮನೆಯಲ್ಲಿ ದಿನಾ ಎರಡು ಹೊತ್ತು ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾರೆ. ನೆಲದ ಮೇಲೆ ಕೂರುವುದು ಇನ್ನೂ ಆಗಿಲ್ಲ, ಆಗಲಿಕ್ಕೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮಠದ ಈ ಮೆಟ್ಟಿಲುಗಳನ್ನು ಇವತ್ತು ಯಾರ ಕೈಯನ್ನೂ ಹಿಡಿಯದೆ ಹತ್ತಿದರು.

ನನ್ನ ಸ್ಥಿತಿ ಕೇಳುತ್ತೀರಾದರೆ, ನಡೆಯುವುದು ನನಗೆ ಇವತ್ತಿಗೂ ಇಷ್ಟವಿಲ್ಲ. ನಿಜ ಹೇಳುತ್ತೇನೆ. ಮೊದಲ ಹತ್ತು ನಿಮಿಷ ಪ್ರತಿ ದಿನವೂ ಬೇಸರ. ಮರಳಿ ಬಂದ ಮೇಲೆ ಮಾತ್ರ ಹಿತವೆನಿಸುತ್ತದೆ. ಆ ಹಿತ ಮಾರನೆಯ ಬೆಳಗ್ಗೆ ನೆನಪಿರುವುದಿಲ್ಲ, ಅದೇ ತೊಂದರೆ. ಹುರುಪು ಬರಲಿ ಎಂದು ಕಾಯುವುದನ್ನು ಬಿಟ್ಟಿದ್ದೇನೆ. ಹನ್ನೆರಡು ವರ್ಷದವನಾಗಿದ್ದಾಗ ದೀಕ್ಷೆಯಾಯಿತು. ಅಂದಿನಿಂದ ಬೆಳಗಿನ ಪೂಜೆಗೆ ಕೂರುವಾಗ ಇವತ್ತು ಮನಸ್ಸಿದೆಯೋ ಇಲ್ಲವೋ ಎಂದು ನನ್ನನ್ನು ನಾನು ಕೇಳಿಕೊಂಡಿಲ್ಲ. ಸ್ನಾನವಾಯಿತು, ಕೂತೆ, ಅಷ್ಟೇ. ವಾಕಿಂಗನ್ನು ಪೂಜೆ ಎಂದು ನಾನು ಹೇಳಲಾರೆ, ಅದು ಅತಿಯಾದೀತು. ಆದರೆ ಒಂದಾದ ಮೇಲೊಂದು ಎಂಬ ಆ ಕ್ರಮವನ್ನು ಎರವಲು ಪಡೆದಿದ್ದೇನೆ. ಚಹಾ ಮಾಡಿ ಇಳಿಸಿದೆ, ಬೂಟು ಹಾಕಿದೆ. ರಾತ್ರಿ ಊಟವಾಯಿತು, ಓಣಿಯಲ್ಲಿ ಹದಿನೈದು ನಿಮಿಷ. ಊಟದ ಮೇಲೆ ಸ್ವಲ್ಪ ಅಡ್ಡಾಡಿದರೆ ಸಕ್ಕರೆ ಅಷ್ಟು ಏರುವುದಿಲ್ಲವೆಂದು ನನ್ನ ಮನೆಯ ಯಂತ್ರದಲ್ಲೇ ನೋಡಿದ್ದೇನೆ. ಹೋದ ತಿಂಗಳ ಎಂ.ಬಿ.ಯಲ್ಲಿ ಆರು ಸೊನ್ನೆ ಇವೆ. ಬೇಕಾದರೆ ತಂದು ತೋರಿಸುತ್ತೇನೆ.

ಸಕ್ಕರೆ ಕಾಯಿಲೆ ಇರುವವರಿಗೆ ಎರಡು ಎಚ್ಚರಿಕೆ. ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆದರೆ ಒಳ್ಳೆಯದೆಂದು ಯಾರೋ ಹೇಳುತ್ತಾರೆ, ಅದನ್ನು ನಂಬಬೇಡಿ. ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಿ, ನನ್ನ ಹುಣ್ಣು ಶುರುವಾದದ್ದು ಹಾಗೆಯೇ. ಇನ್ಸುಲಿನ್ ತೆಗೆದುಕೊಳ್ಳುವವರು, ಕೆಲವು ಬಗೆಯ ಗುಳಿಗೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ಹೋಗಬೇಡಿ, ಡಾಕ್ಟರನ್ನು ಕೇಳಿ, ಜೇಬಿನಲ್ಲಿ ಒಂದು ಚೂರು ಬೆಲ್ಲವೋ ಸಕ್ಕರೆಯೋ ಇರಲಿ. ನಡೆಯುವಾಗ ಎದೆ ಹಿಡಿದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ, ಗ್ಯಾಸ್ ಇರಬೇಕು ಎಂದು ನಡೆದು ಪರೀಕ್ಷಿಸಬೇಡಿ.

ಆ ನೀರಗಂಟಿಯವರ ಊರಿಗೆ ದೀಪಾವಳಿಯ ಹೊತ್ತಿಗೆ ಹೋಗಿದ್ದೆ. ಈ ಸಲ ಜೀಪು ಇರಲಿಲ್ಲ, ಬಸ್ಸಿಳಿದು ನಡೆದೇ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ, ಕಾಲುವೆ ನೋಡ್ಕೊಂಡು ಬರೂಣು" ಎಂದೆ. "ಈಗ ಯಾರ ಕಾಲುವೆ ಅದು?" ಎಂದು ನಕ್ಕರು, ಆದರೂ ಎದ್ದರು. ಒಂದೂವರೆ ಕಿಲೋಮೀಟರ್ ಹೋಗಿಬಂದೆವು. ದಾರಿಯುದ್ದಕ್ಕೂ ಗೇಟುಗಳು ತುಕ್ಕು ಹಿಡಿದದ್ದನ್ನು ಬೈಯುತ್ತಲೇ ಬಂದರು.

ಶ್ರೀಗಳು ಮಠದ ಹಿಂದಿನ ಬಯಲನ್ನು ಬೆಳಗ್ಗೆ ಐದೂವರೆಯಿಂದ ತೆರೆದಿಡಲು ಒಪ್ಪಿದ್ದಾರೆ. ಒಂದು ಸುತ್ತು 340 ಮೀಟರ್, ನಾನೇ ಟೇಪು ಹಿಡಿದು ಅಳೆದಿದ್ದೇನೆ. ತಾಯಂದಿರು ಮುಜುಗರಪಡಬೇಕಾಗಿಲ್ಲ, ಆ ಮೂವರ ಗುಂಪು ನಾಳೆಯಿಂದ ಅಲ್ಲಿಗೇ ಬರುತ್ತದೆ. ಆ ಹೊತ್ತಿನಲ್ಲಿ ಮನೆಯ ಚಹಾ ಯಾರು ಮಾಡುವುದೆಂದು ಗಂಡಸರು ಇವತ್ತು ರಾತ್ರಿಯೇ ಮಾತಾಡಿಕೊಳ್ಳಿ. ನಾನು ಆರು ಗಂಟೆಗೆ ಗೇಟಿನ ಹತ್ತಿರ ಇರುತ್ತೇನೆ. ಇರದಿದ್ದರೆ ಪುಸ್ತಕದಲ್ಲಿ ಸೊನ್ನೆ ಬರೆದಿರುತ್ತೇನೆ. ಪ್ರಸಾದಕ್ಕೆ ಕರೆ ಬಂದಿದೆ.